ಏಣಿ ಮನೆತನ

ಹೊದಿಕೆಯನ್ನು ಇಬ್ಬರೂ ಸೇರಿ ಮಡಚುತ್ತಿದ್ದರು. ದೊಡ್ಡಮ್ಮ ಹಿಡಿದ ತುದಿ ಬಾಗಿಲ ಚೌಕಟ್ಟಿನ ಎತ್ತರಕ್ಕೆ ಹೋದರೆ, ಗುಬ್ಬಿ ಹಿಡಿದ ತುದಿ ದೊಡ್ಡಮ್ಮನ ಸೊಂಟ ಮುಟ್ಟುತ್ತಿರಲಿಲ್ಲ. ನಡುವೆ ಬಟ್ಟೆ ಜಾರುಬಂಡೆಯಾಗಿ ಇಳಿಯುತ್ತಿತ್ತು. ಬೇರೆ ದಿನವಾಗಿದ್ದರೆ ದೊಡ್ಡಮ್ಮ ಇಷ್ಟು ಹೊತ್ತಿಗೆ "ಇನ್ನೂ ಬೆಳೆಯೋ ಯೋಚನೆ ಇದೆಯೋ ಇಲ್ವೋ?" ಎಂದು ಕೆಣಕಿರುತ್ತಿದ್ದಳು. ಇವತ್ತು ಕೊನೆಯ ಮಡಿಕೆ ಬೀಳುವವರೆಗೂ ತುಟಿ ಬಿಚ್ಚಲಿಲ್ಲ.

"ಹೆಸರು ಬದಲಾಯಿಸು," ಅಂದಳು ಕೊನೆಗೆ. "ಕೆಲಸ ಕಾಯಂ ಆಗ್ತಿದೆ. ಗುರುತಿನ ಚೀಟಿ ಮೇಲೆ ಈಗ ಏನು ಅಚ್ಚಾಗುತ್ತೋ ಅದೇ ಕೊನೇವರೆಗೂ. ಏಣಿ ಅಂತ ಹಾಕಿಸ್ಕೊಂಡು ನಗೆಪಾಟಲಾಗ್ಬೇಡ."

"ಯಾರೂ ನಗಲ್ಲ ದೊಡ್ಡಮ್ಮ."

"ನಿನ್ನೆದುರಿಗೆ ನಗಲ್ಲ, ಅಷ್ಟೇ."

ಏಣಿ ಎಂಬುದು ಯಾವ ಮನೆತನದ ಹೆಸರೂ ಆಗಿರಲಿಲ್ಲ. ದೊಡ್ಡಮ್ಮ ಅನಾಥಾಲಯವೊಂದರಲ್ಲಿ ಅಡಿಗೆಯವಳಾಗಿದ್ದಳು. ಅವಳ ಎತ್ತರ ಕಂಡು ತರಕಾರಿಯವನಿಂದ ಹಿಡಿದು ಮೇಲ್ವಿಚಾರಕಿಯವರೆಗೆ ಎಲ್ಲರೂ ಅವಳನ್ನು ಏಣಿ ಎಂದೇ ಕೂಗುತ್ತಿದ್ದರು. ಒಮ್ಮೆ ಮಗುವೊಂದನ್ನು ಶಾಲೆಗೆ ಸೇರಿಸಲು ಹೋದಾಗ, ಮನೆತನದ ಹೆಸರಿಲ್ಲದೆ ಸೇರಿಸಿಕೊಳ್ಳುವುದಿಲ್ಲ ಎಂದು ಗುಮಾಸ್ತ ಪಟ್ಟು ಹಿಡಿದ. ಮಗು ಅವಳ ಸೆರಗು ಹಿಡಿದು ಬಿಕ್ಕುತ್ತಿತ್ತು. "ಏಣಿ ಅಂತ ಬರ್ಕೊಳ್ಳಿ," ಅಂದುಬಿಟ್ಟಳು. ಕೊಡಲು ಅವಳ ಬಳಿ ಇದ್ದದ್ದು ಅದೊಂದೇ. ಆಮೇಲೆ ಬಂದ ಮಕ್ಕಳಿಗೆಲ್ಲ ಅದೇ ರೂಢಿಯಾಯಿತು.

ಎಷ್ಟೋ ವರ್ಷಗಳ ಮೇಲೆ ಆ ಮಕ್ಕಳಲ್ಲೊಬ್ಬ ತಿರುಗಿ ಬಂದ. ಮೂಗಿನ ತುದಿಯಲ್ಲೇ ಸಿಟ್ಟಿದ್ದ ಅವನನ್ನು ಎಲ್ಲರೂ ಮೆಣಸಿನಕಾಯಿ ಎನ್ನುತ್ತಿದ್ದರು. ಮದುವೆ ಮಾತು ಮುರಿದುಬಿದ್ದ ಉರಿಯಲ್ಲಿ ಅಡಿಗೆಮನೆಯ ಬಾಗಿಲಿಗೆ ನಿಂತು ಕೂಗಾಡಿದ. "ಯಾವ ಮನೆತನ ಅಂತ ಕೇಳಿದ್ರೆ ಅಡಿಗೆಯವಳ ಅಡ್ಡಹೆಸರು ಹೇಳ್ಬೇಕಾ ನಾನು? ಎಲ್ಲರೂ ಅದನ್ನ ಕಿತ್ತೆಸೆದಿದ್ದಾರೆ, ಗೊತ್ತಾ ನಿನಗೆ?" ದೊಡ್ಡಮ್ಮ ಸೌಟು ಹಿಡಿದುಕೊಂಡೇ ಕೇಳಿಸಿಕೊಂಡಳು. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅನಾಥಾಲಯ ಮುಚ್ಚಿದಾಗ ಕೊನೆಗೆ ಉಳಿದವಳು ಗುಬ್ಬಿ. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಇಬ್ಬರೂ ಸಂಸಾರ ಹೂಡಿದರು.

ಗುಬ್ಬಿಯ ಕೆಲಸ ದಾಖಲೆಗಳ ಭಂಡಾರದಲ್ಲಿ. ಓದಲು ಬಂದವರು ಕೇಳಿದ ಕಟ್ಟುಗಳನ್ನು ನೆಲಮಾಳಿಗೆಯಿಂದ ತಂದು ಮೇಜಿನ ಮೇಲಿಡಬೇಕು, ಸಂಜೆ ಒಯ್ದು ಅದರದರ ಜಾಗಕ್ಕೆ ಸೇರಿಸಬೇಕು. ಓದುವ ಕೋಣೆಯಲ್ಲಿ ಯಾರೂ ಮಾತಾಡುವಂತಿಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಅಂಜುವ ಅವಳಿಗೆ ಹೇಳಿ ಮಾಡಿಸಿದ ಜಾಗ.

ಮರುದಿನ, ಬಸವನಹುಳುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮುದುಕರೊಬ್ಬರು ಅವಳ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿ ಕಣ್ಣರಳಿಸಿದರು.

"ಏಣಿ? ಇವರು ನಿಮ್ಮೋರೇನಮ್ಮ?" ಎಂದು ಪಿಸುಗುಟ್ಟಿ, ಹಳೆಯ ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೊಳೆದಂಡೆಯ ಹುಳುಗಳನ್ನು ಹೆಕ್ಕಿ ಕೊಟ್ಟವನು ಏಣಿ ಎಂದಿತ್ತು. "ಪುಣ್ಯಾತ್ಮ. ಇವನಿಲ್ಲದಿದ್ರೆ ಈ ಜಾತಿ ಹುಳು ಇದೆ ಅಂತಲೇ ಯಾರಿಗೂ ಗೊತ್ತಾಗ್ತಿರಲಿಲ್ಲ."

ಸಂಜೆ ಗುಬ್ಬಿ ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತಿದಳು.

"ಅದ್ಯಾವುದೋ ಬೇರೆ ಏಣಿ ಇರ್ಬೇಕು," ಅಂದಳು ದೊಡ್ಡಮ್ಮ.

"ಬೇರೆ ಏಣಿ ಗೋಡೆಗೆ ಒರಗಿರುತ್ತೆ ದೊಡ್ಡಮ್ಮ. ಪುಸ್ತಕದಲ್ಲಿ ಇರಲ್ಲ."

ದೊಡ್ಡಮ್ಮನ ಮುಖ ಕ್ಷಣಹೊತ್ತು ಅರಳಿತು. "ನನ್ನ ಉಪ್ಪಿನ ಡಬ್ಬಿ ಬಚ್ಚಿಡ್ತಿದ್ದ ಒಬ್ಬ. ಉಪ್ಪು ಬಿದ್ರೆ ಹುಳು ಸಾಯುತ್ತೆ ಅಂತ. ಒಂದಿಡೀ ದಿನ ಸಪ್ಪೆ ಊಟ ಮಾಡಿಸಿದ್ದ ಎಲ್ಲರಿಗೂ." ನಗಲು ಹೋಗಿ ಬಾಯಿ ಮುಚ್ಚಿಕೊಂಡಳು.

ಅಂದಿನಿಂದ ಗುಬ್ಬಿ ಕಟ್ಟುಗಳನ್ನು ಒಯ್ಯುವಾಗ ಕಣ್ಣಾಡಿಸತೊಡಗಿದಳು. ಹಳೆಯ ಸೇತುವೆಯೊಂದರ ತಪಾಸಣೆಯ ಕಡತದಲ್ಲಿ, ಹಗ್ಗದ ತೊಟ್ಟಿಲಲ್ಲಿ ಕಮಾನಿನ ಕೆಳಗಿಳಿದು ಬಿರುಕು ಅಳೆದ ಹೆಂಗಸೊಬ್ಬಳ ಪೂರ್ತಿ ಹೆಸರಿತ್ತು, ಕೊನೆಯಲ್ಲಿ ಏಣಿ.

"ಅವಳಾ? ಅಟ್ಟ ಹತ್ತಿಸಿದ್ರೆ ಊರೆಲ್ಲ ಒಂದು ಮಾಡ್ತಿದ್ಳಲ್ಲ!" ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಆದರೆ ಮರುಕ್ಷಣವೇ ದನಿ ಇಳಿಯಿತು. "ಇರ್ಬಹುದು ಕಣೇ. ಒಂದು ಸಲ ಬರೆಸಿದ್ದನ್ನ ತೆಗೆಸೋಕೆ ಎಷ್ಟು ಅಲೆದಾಟ ಗೊತ್ತಾ? ವಿಧಿಯಿಲ್ಲದೆ ಇಟ್ಕೊಂಡಿರ್ತಾರೆ. ಬೇಕು ಅಂತ ಇಟ್ಕೊಂಡ್ರು ಅಂತ ಎಲ್ಲಿದೆ?"



ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜೋಗುಳ ಸಂಗ್ರಹಿಸುವ ಒಬ್ಬ ಅಕ್ಕನಿಂದ. ಭಂಡಾರದ ಹಳೆಯ ಧ್ವನಿಮುದ್ರಣಗಳನ್ನು ಕೇಳಲು ಬರುತ್ತಿದ್ದ ಆಕೆ ಒಂದು ದಿನ ಮೊಗಸಾಲೆಯಲ್ಲಿ ಗುಬ್ಬಿಯನ್ನು ತಡೆದು ನಿಲ್ಲಿಸಿದಳು. "ನಿನ್ನ ಹೆಸರಿನವಳೇ ಒಬ್ಬಳು ಹಾಡಿದ್ದಾಳೆ, ಕೇಳು. ಒಂದು ಸಾಲು ನನ್ನ ತಲೆ ಕೆಡಿಸಿದೆ."

ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡಾಗ ಹೆಣ್ಣುದನಿಯೊಂದು ಮೆಲ್ಲಗೆ ಹಾಡುತ್ತಿತ್ತು. ಕಂದ ಮಲಗಿತು, ಕಣ್ಣು ಮುಚ್ಚಿತು, ಹೀಗೆ ಸಾಗುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಗಂಟಲು ಹರಿದುಕೊಂಡಿತು: "ಒಲೆ ಸಣ್ಣ ಮಾಡ್ರೋ, ಹಾಲುಕ್ತು!" ಮರುಕ್ಷಣ ಮತ್ತೆ ಮೆಲ್ಲಗೆ, ಕಂದ ಮಲಗಿತು.

"ಪ್ರತಿ ನುಡಿಯ ಕೊನೆಗೂ ಇದೇ ಸಾಲು," ಅಂದಳು ಅಕ್ಕ. "ಬೆಂಕಿಯನ್ನ ಬೇಡಿಕೊಳ್ಳೋ ಹಳೇ ಪ್ರಾರ್ಥನೆ ಇರ್ಬೇಕು ಅಂತ ಒಂದು ಲೇಖನವನ್ನೇ ಬರೆದಿದ್ದೀನಿ."

ಗುಬ್ಬಿ ಗೋಡೆಗೆ ಒರಗಿ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ದೊಡ್ಡಮ್ಮ ಅವಳನ್ನೂ ಹೀಗೆಯೇ ಮಲಗಿಸಿದ್ದಳು: ಮಡಿಲಲ್ಲಿ ಮಗು, ಕಣ್ಣು ಮಾತ್ರ ಪಾತ್ರೆಯ ಮೇಲೆ.

"ಅದು ಪ್ರಾರ್ಥನೆ ಅಲ್ಲ ಅಕ್ಕ. ಹಾಲು ನಿಜವಾಗ್ಲೂ ಉಕ್ಕಿತ್ತು. ಆ ಮಗು ಅದನ್ನೂ ಹಾಡು ಅಂತಲೇ ಕಲಿತುಬಿಟ್ಟಿದೆ."

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಯ್ಯೋ, ಅಚ್ಚಿಗೆ ಹೋಗೋ ಮೊದಲೇ ಸಿಕ್ಕಿದ್ಯಲ್ಲ ನೀನು, ಬದುಕಿದೆ!" ಎಂದು ಅವಳೂ ನಕ್ಕು, ಕತೆಯೆಲ್ಲ ಕೇಳಿ, ಆ ಹಾಡನ್ನು ಗುಬ್ಬಿಯ ಫೋನಿಗೆ ಹಾಕಿಕೊಟ್ಟಳು.

ಮನೆಯಲ್ಲಿ ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಕೇಳಿದಳು. "ಹಾಲುಕ್ತು!" ಎಂಬ ಕೂಗು ಬಂದದ್ದೇ ತಡ, ಧಡಕ್ಕನೆ ಎದ್ದು ಒಲೆಯತ್ತ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಖಾಲಿ ಒಲೆಯ ಮುಂದೆ ನಿಂತೇ ಉಳಿದದ್ದನ್ನು ಕೇಳಿದಳು.

ಹಾಡು ಮುಗಿದ ಮೇಲೆ ಯಾರೋ ಹೆಸರು ಕೇಳಿದ್ದರು. "ಏಣಿ ಅಂತ ಸ್ಪಷ್ಟವಾಗಿ ಬರ್ಕೊಳ್ಳಿ," ಎಂದಿತು ಹಾಡಿದ ದನಿ. "ಮದುವೆ ಆದ್ಮೇಲೂ ನಾನು ಬಿಟ್ಟಿಲ್ಲ. ನನಗೆ ತುತ್ತಿಟ್ಟು ಸಾಕಿದೋರ ಹೆಸರು ಅದು."

ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸುತ್ತಿದ್ದರು. ಅದು ನಿಲ್ಲುವವರೆಗೂ ದೊಡ್ಡಮ್ಮ ಬೆನ್ನು ತಿರುಗಿಸಿಕೊಂಡೇ ಇದ್ದಳು.

"ಬಿಡಲಿಲ್ವಂತಾ?"

"ಬಿಡಲಿಲ್ವಂತೆ."

"ಹೊಟ್ಟೆ ತಣ್ಣಗಾಯ್ತು ಕಣೇ." ಸೆರಗಿನಿಂದ ಮುಖ ಒರೆಸಿಕೊಂಡು ಈಚೆ ತಿರುಗಿದಳು. "ನೀನೂ ಏಣಿ ಅಂತಲೇ ಹಾಕಿಸು. ಅಕ್ಷರ ಸ್ವಲ್ಪ ದಪ್ಪ ಇರ್ಲಿ." ಆಮೇಲೆ, ಕುರ್ಚಿಯನ್ನು ಸುಮ್ಮನೆ ಸರಿಪಡಿಸುತ್ತ, "ಮೆಣಸಿನಕಾಯಿದು ಎಲ್ಲೂ ಸಿಗಲಿಲ್ವಾ?" ಅಂದಳು.

"ಇನ್ನೂ ಇಲ್ಲ."

"ಹೆಸರು ಇಟ್ಕೊಂಡಿರ್ಲಿ, ಬಿಟ್ಟಿರ್ಲಿ. ಚೆನ್ನಾಗಿದ್ದಾನೆ ಅಂತ ಗೊತ್ತಾದ್ರೆ ಸಾಕು ನನಗೆ."

ಬೆಳಿಗ್ಗೆ ಗುಬ್ಬಿ ಕಟ್ಟುಗಳನ್ನು ಹಂಚಿ ಮುಗಿಸಿದವಳು ಓದುವ ಕೋಣೆಯ ನಡುವೆ ನಿಂತುಬಿಟ್ಟಳು. ನೆಲಮಾಳಿಗೆಯಲ್ಲಿ ಇನ್ನೂ ಸಾಲುಸಾಲು ಕಪಾಟುಗಳಿದ್ದವು. ಅವಳೊಬ್ಬಳ ಕಣ್ಣಿಗೆ ಒಂದು ಜನ್ಮ ಸಾಲದು. ಇಲ್ಲಿ ಕೂತವರೋ ಒಬ್ಬೊಬ್ಬರೂ ಒಂದೊಂದು ದಿಕ್ಕಿನಲ್ಲಿ ಅಗೆಯುತ್ತಿದ್ದರು. ಇವರೆಲ್ಲರ ಮೇಲೂ ಅವಳಿಗೆ ಅಕ್ಕರೆ ಉಕ್ಕಿ ಬಂತು. ಮಾತಾಡಬಾರದ ಕೋಣೆಯಲ್ಲಿ ಅವಳು ಬಾಯಿ ತೆರೆದಳು.

"ಓದುವಾಗ ಎಲ್ಲಾದ್ರೂ ಏಣಿ ಅನ್ನೋ ಹೆಸರು ಸಿಕ್ರೆ, ದಯವಿಟ್ಟು ನನಗೊಂದು ಮಾತು ಹೇಳಿ."

ಬಗ್ಗಿದ್ದ ತಲೆಗಳೆಲ್ಲ ಎದ್ದು ಅವಳನ್ನು ನೋಡಿದವು. ಬಸವನಹುಳುವಿನ ಮುದುಕರು ಪೆನ್ಸಿಲ್ ತೆಗೆದು, ತಮ್ಮ ಟಿಪ್ಪಣಿಯ ಅಂಚಿನಲ್ಲಿ ಏಣಿ ಎಂದು ಬರೆದುಕೊಂಡರು.