ನಾಲ್ಕೂ ಹತ್ತರ ಗಾಡಿ

ಅಪ್ಪಯ್ಯನ ತುಟಿಗೆ ತುಳಸಿ ನೀರು ಬಿಡುತ್ತಿದ್ದ ಸರೋಜಳ ಕೈ ನಡುವೆಯೇ ನಿಂತಿತು. ಅಳು ಬಂದು ನಿಂತದ್ದಲ್ಲ. ಅಳು ಬೆಳಿಗ್ಗೆಯೇ ಒಂದು ಸುತ್ತು ಮುಗಿದಿತ್ತು. ನೀರು ಬಿಡಲು ತನ್ನ ಹಿಂದೆ ಸಾಲಾಗಿ ನಿಂತ ಹೆಂಗಸರನ್ನು ಅವಳು ಹೊರಳಿ ನೋಡಿದ್ದಳು. ಅಕ್ಷಿತಾಳ ಅಜ್ಜಿ, ಅವಳಿ ಮಕ್ಕಳ ತಾಯಿ, ಮೂಲೆಮನೆಯ ರಂಜನಿ. ಈ ಹೊತ್ತಿಗೆ ಇಲ್ಲಿ ಇರಬಾರದವರೆಲ್ಲ ಇಲ್ಲಿದ್ದರು.

"ಶಾಲಿ ಗಾಡಿ ಹತ್ರ ಯಾರ್ ಹೋಯಿರ್?" ಎಂದು ಕೇಳಿದಳು.

ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿದರು.

"ರಂಜನಿ ಹೋತ್ಳ್ ಅಂದೇಳಿ ನಾ ಇದ್ದೆ," ಎಂದಳು ಅಜ್ಜಿ.

"ನಾನಾ? ಮಳಿಗಾಲ ಕಳ್ದ್ ಮೇಲ್ ನಮ್ಮಲ್ ಯಾರಾರೂ ಹೋದ್ದಿತ್ತಾ? ಮುತ್ತಣ್ಣ ಇದ್ರಲೆ," ಎಂದ ರಂಜನಿ, ಹೇಳಿದ ಮೇಲೆ ಚಾಪೆಯತ್ತ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಾಪೆಯ ಮೇಲೆ ಸರೋಜಳ ಅಪ್ಪಯ್ಯ ಮುತ್ತ ಮಲಗಿದ್ದ. ಬೆಳಿಗ್ಗೆ ಎಂಟೂ ಹತ್ತಕ್ಕೆ ಕೇರಿಯ ಹನ್ನೊಂದು ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಬಂದು, ಕಾಲು ತೊಳೆದು, ಜಗಲಿಯಲ್ಲಿ ಕೂತು ಕಡಲ ದಿಕ್ಕಿಗೆ ಕೈಮುಗಿದವನು ಮುಗಿದ ಕೈ ಬಿಡಿಸಿರಲಿಲ್ಲ. ಅಂಥ ಸಾವು ಕೇಳಿ ಪಡೆಯುವಂಥದ್ದು ಎಂದು ಬಂದವರೆಲ್ಲ ಹೇಳಿದರು. ಕಡಲಿನಲ್ಲಿದ್ದ ಮಗ ಯತೀಶ್ ಮಲ್ಪೆಯ ಬಂದರಿಗೆ ಬಂದು, ಅಲ್ಲಿಂದ ಮನೆ ಮುಟ್ಟುವಾಗ ಮೂರು ದಾಟಿತ್ತು. ಈಗ ಗೋಡೆಯ ಗಡಿಯಾರ ನಾಲ್ಕೂ ಎಂಟು ತೋರಿಸುತ್ತಿತ್ತು; ಬಸ್ಸು ಬರುವುದು ನಾಲ್ಕೂ ಹತ್ತಕ್ಕೆ. ಸರೋಜಳ ಮಗ ವಿಶಾಲ್ ಸಹ ಆ ಬಸ್ಸಿನಲ್ಲೇ ಇದ್ದ. ಅಜ್ಜ ಇಲ್ಲವೆಂದು ಅವನಿಗೆ ಇನ್ನೂ ತಿಳಿಯದು.

ಬೆಳಿಗ್ಗೆ ಬಸ್ಸು ಕೇರಿಯ ಬದಿಯಲ್ಲೇ ನಿಲ್ಲುತ್ತದೆ. ಸಂಜೆ ಕುಂದಾಪುರದ ಕಡೆಯಿಂದ ಬರುವಾಗ ನಿಲ್ಲುವುದು ಕಡಲ ಬದಿಯಲ್ಲಿ. ನಡುವೆ ನಾಲ್ಕು ಪಥದ ಹೆದ್ದಾರಿ, ಮೀನಿನ ಲಾರಿಗಳು, ಗೋವಾಕ್ಕೆ ಹಾರುವ ಕಾರುಗಳು.

"ನೀವು ಗಾಬರಿ ಆಗ್ಬೇಡಿ," ಎಂದು ಪ್ಲಾಸ್ಟಿಕ್ ಕುರ್ಚಿಯಿಂದ ರತೀಶ್ ಎದ್ದ. ಅವನು ಶಾಲೆಯ ಬಸ್ಸುಗಳ ಉಸ್ತುವಾರಿ. ಹಾರ ತಂದು ಹಾಕಿ, ಹೊರಡುವ ಹೊತ್ತು ಕಾಯುತ್ತಿದ್ದ. "ಗಾಡೀಲಿ ಎರಡು ಕ್ಯಾಮೆರಾ ಇದೆ. ಮಕ್ಳು ಇಳಿದ ಕೂಡ್ಲೇ ನಿಮ್ಮ ಫೋನಿಗೆ ಮೆಸೇಜ್ ಬರ್ತದೆ."

ಅವನ ಬಾಯಿಂದ ಮಾತು ಬೀಳುವುದಕ್ಕೂ ಅಂಗಳದ ಫೋನುಗಳು ಒಂದರ ಹಿಂದೆ ಒಂದು ಚಿಲಿಪಿಲಿ ಎನ್ನುವುದಕ್ಕೂ ಸರಿಹೋಯಿತು. ಸೊಂಟದಲ್ಲಿ, ಕುಪ್ಪಸದೊಳಗೆ, ತೆಂಗಿನಕಾಯಿಯ ತಟ್ಟೆಯ ಪಕ್ಕದಲ್ಲಿ. ರಂಜನಿ ತೆಗೆದು ಓದಿದಳು. "ನಿಮ್ಮ ಮಗು ನಿಗದಿತ ಜಾಗದಲ್ಲಿ ಸುರಕ್ಷಿತವಾಗಿ ಇಳಿದಿದೆ. ಧನ್ಯವಾದಗಳು."

"ನೋಡಿ, ಬಂತಲ್ಲ," ಎಂದ ರತೀಶ್.

"ಯಾರ್ ಕೈಗ್ ಇಳಿದಿತ್ತ್?" ಎಂದು ಸರೋಜ ಕೇಳಿದಳು.

ರತೀಶ್ ಡ್ರೈವರನಿಗೆ ಫೋನು ಹಚ್ಚಿದ. ಅವಳು ಉಳಿದ ನೀರನ್ನು ಅಪ್ಪಯ್ಯನ ತುಟಿಗೆ ಬಿಟ್ಟು, ಸೌಟು ಕೆಳಗಿಟ್ಟು ಎದ್ದಳು. ಊರಿನ ಗುರಿಕಾರ ಮಂಜಣ್ಣ ಅಡ್ಡ ಬಂದ. ಕೇರಿಯ ಮದುವೆ ಮಸಣ ಎರಡಕ್ಕೂ ಅವನದೇ ಯಜಮಾನಿಕೆ.

"ಹೆಣ ಹೊರಡೂ ಹೊತ್ತಿಗೆ ಮಗ್ಳ್ ಅಂಗ್ಳ ದಾಟೂಕಾಗ. ಹೆಣ್ಮಕ್ಳ್ ದಣಪೆಯಿಂದ ಆಚಿಗ್ ಬಪ್ಪುಕಿಲ್ಲೆ. ಗೊತ್ತಿಲ್ಯಾ?"

"ಗೊತ್ತಿತ್ತ್ ಮಂಜಣ್ಣ. ದೋಷ ಬಂದ್ರೆ ನನ್ ತಲಿಗ್ ಬರ್ಲಿ. ಮಕ್ಳ್ ಹೆದ್ದಾರಿಯಂಗಿದ್ದೋ," ಎಂದು ಅವಳು ಅಂಗಳದ ಬೇಲಿಯ ದಣಪೆ ದಾಟಿದಳು. ಹಿಂದೆಯೇ ರಂಜನಿ ದಾಟಿದಳು. ಆಮೇಲೆ ಇಡೀ ಸಾಲು.

*

ಮೂರು ವರ್ಷದ ಹಿಂದೆ ಇದೇ ಅಪ್ಪಯ್ಯನೊಡನೆ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ದೋಣಿ ಬಡಿದು ಮಂಡಿ ಕೆಟ್ಟ ಮೇಲೆ ಮುತ್ತ ಕಡಲಿಗೆ ಹೋಗುವುದನ್ನು ಬಿಟ್ಟು ಶಾಲೆಯ ಬಸ್ಸಿಗೆ ಕ್ಲೀನರ್ ಆಗಿ ಸೇರಿದ್ದ. ಸೇರಿದ ವಾರದಲ್ಲೇ ಮನೆಮನೆಗೆ ಹೋಗಿ, ಯಾವ ಮಗುವನ್ನು ಯಾರ ಕೈಗೆ ಕೊಡಬೇಕು ಎಂದು ಕೇಳಿ, ತನ್ನ ಡೊಂಕು ಅಕ್ಷರದಲ್ಲಿ ಪಟ್ಟಿ ಬರೆದು ಡ್ರೈವರ್ ಸೀಟಿನ ಹಿಂದೆ ಅಂಟಿಸಿದ. ಪಟ್ಟಿಯ ಕೈ ಕಾಣದೆ ಬಾಗಿಲು ತೆಗೆಯುವುದಿಲ್ಲ. ಕೈ ಬರದಿದ್ದರೆ ಮಗು ಬಸ್ಸಿನಲ್ಲೇ ಶಾಲೆಗೆ ವಾಪಸು.

ಒಂದು ಸಂಜೆ ಯತೀಶ್ ಮಲ್ಪೆಯಿಂದ ಹೊಸ ಬೈಕಿನಲ್ಲಿ ಬಂದವನು, ಅಕ್ಕನ ಮಗನನ್ನು ತಾನೇ ಕರೆತರುತ್ತೇನೆಂದು ಹೆದ್ದಾರಿಗೆ ಹೋದ. ಮುತ್ತ ವಿಶಾಲನ ಕೈ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ.

"ನಿನ್ ಹೆಸ್ರ್ ಪಟ್ಟಿಯಂಗಿಲ್ಲೆ," ಎಂದ.

"ಅಪ್ಪಯ್ಯಾ, ನಾನ್ ನಿಮ್ ಮಗ ಮರ್ರೆ."

"ಅದ್ ನಂಗ್ ಗೊತ್ತಿತ್ತ್. ಪಟ್ಟಿಗ್ ಗೊತ್ತಿಲ್ಲೆ."

ವಿಶಾಲ್ ಶಾಲೆಗೆ ವಾಪಸು ಹೋದ. ಸರೋಜ ಆಟೋ ಹಿಡಿದು ಹೋಗಿ, ಸಹಿ ಹಾಕಿ ಅವನನ್ನು ಕರೆತರುವಾಗ ದೀಪ ಹೊತ್ತಿಸುವ ಹೊತ್ತು ಮೀರಿತ್ತು. ಊರೆಲ್ಲ ನಕ್ಕಿತು. ಅವಳು ಅಪ್ಪಯ್ಯನಿಗೆ ಬಡಿಸಿದಳು, ಮಾತಾಡಲಿಲ್ಲ. ಮೂರನೆಯ ದಿನ ಊಟದ ನಡುವೆ ಮುತ್ತನೇ ಬಾಯಿ ತೆರೆದ.

"ಹೆಣ್ಣೆ, ದೇವಸ್ಥಾನ್ದಿಂದ ಪ್ರಸಾದ ತಂದವ್ರ್ ಅದನ್ ಮೆಟ್ಲ್ ಮೇಲ್ ಇಟ್ಟಿಕ್ಕಿ ಹೋತ್ರಾ? ಕೈ ಒಡ್ದವ್ರ್ ಕೈಗೇ ಕೊಡ್ಕ್. ಮಕ್ಳೂ ಹಾಂಗೇ."

"ತಮ್ಮಂದ್ ಕೈ ಅಲ್ದಾ ಅದ್?"

"ಇವತ್ ತಮ್ಮ ಅಂದೇಳಿ ಕೊಟ್ರೆ ನಾಳೆ ತಮ್ಮನ್ ಹೆಸ್ರ್ ಹೇಳ್ದವ್ರಿಗೂ ಕೊಡ್ಕಾತ್ತ್. ಸಾರ್ ಹಾಕ್."

ಅವಳು ಸಾರು ಹಾಕಿದಳು. ಮರುದಿನ ಪಟ್ಟಿಯಲ್ಲಿ ಯತೀಶನ ಹೆಸರು ಸೇರಿತು.

*

ಕಳೆದ ಜೂನಿನಲ್ಲಿ ಶಾಲೆಯವರು ಮುತ್ತನನ್ನು ಬೇಡವೆಂದರು. ಹೊಸ ಬಸ್ಸು ಬಂದಿತ್ತು. ಬಾಗಿಲು ಡ್ರೈವರನ ಗುಂಡಿಗೆ ತೆರೆಯುತ್ತದೆ, ಗಾಡಿ ಜಾಗಕ್ಕೆ ಬಂದು ನಿಂತರೆ ಮೆಸೇಜು ತಾನಾಗಿ ಹೋಗುತ್ತದೆ. ಪ್ರತಿ ಜಾಗದಲ್ಲೂ ಕೈ ನೋಡುತ್ತ ನಿಂತರೆ ಎರಡನೇ ಟ್ರಿಪ್ಪಿಗೆ ಹೊತ್ತಾಗುತ್ತದೆ ಎಂದು ರತೀಶ್ ಹೇಳಿದ. ಮೇಜಿನ ಮುಂದೆ ನಿಂತ ಮುತ್ತ ಎಲ್ಲವನ್ನೂ ಸಮಾಧಾನದಿಂದ ಕೇಳಿದ.

"ಕ್ಯಾಮ್ರ ಕಾಣತ್, ಸರಿ," ಎಂದ. "ಕೈ ಹಿಡಿತ್ತಾ?"

ರತೀಶ್ ನಕ್ಕ. ಮುತ್ತ ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಹೊರಡುವಾಗ ಡ್ರೈವರ್ ಚೆನ್ನಯ್ಯನಿಗೆ ಹಳೆಯ ಬಸ್ಸಿನ ಪಟ್ಟಿಯನ್ನು ಹೊಸ ಬಸ್ಸಿಗೆ ಅಂಟಿಸಲು ಹೇಳಿದ. ಮರುದಿನ ನಾಲ್ಕು ಗಂಟೆಗೆ ಕೊಡೆ ಹಿಡಿದು ಹೆದ್ದಾರಿ ದಾಟಿ ನಿಂತ. ಅದರ ಮರುದಿನವೂ ನಿಂತ. ಮಳೆಗಾಲ ಕಳೆಯಿತು. ತಾಯಂದಿರು ಒಬ್ಬೊಬ್ಬರಾಗಿ ಪಟ್ಟಿಗೆ ಮುತ್ತಜ್ಜನ ಹೆಸರು ಸೇರಿಸಿದರು; ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು.

*

ಬಸ್ಸು ಆಚೆ ಬದಿಯಲ್ಲಿ ನಿಂತಿತ್ತು. ಬಾಗಿಲು ಮುಚ್ಚಿತ್ತು.

ಮುಚ್ಚಿದ ಬಾಗಿಲು ಕಂಡು, ಮಕ್ಕಳು ಇಳಿದಿಲ್ಲ ಎಂದು ಸರೋಜಳಿಗೆ ಸಮಾಧಾನವಾಯಿತು. ಲಾರಿಗಳ ನಡುವೆ ಸಂದು ನೋಡಿ ಹೆಂಗಸರು ಬರಿಗಾಲಲ್ಲಿ ದಾಟಿದರು. ಕಿಟಕಿಯ ತುಂಬ ಮಕ್ಕಳ ಮೂಗುಗಳು. ಚೆನ್ನಯ್ಯ ಸ್ಟಿಯರಿಂಗ್ ಹಿಡಿದು ಕೂತಿದ್ದ. ಅಷ್ಟರಲ್ಲಿ ಕಾರು ತಿರುಗಿಸಿಕೊಂಡು ರತೀಶನೂ ಬಂದಿಳಿದ.

"ಆಗ್ಲೇ ಫೋನಲ್ಲಿ ಹೇಳಿದ್ದೆ, ಬಾಗಿಲು ತೆಗೆದು ಇಳಿಸು ಅಂತ. ಮೆಸೇಜ್ ಹೋಗಿ ಹತ್ತು ನಿಮಿಷ ಆಯ್ತು," ಎಂದ.

"ಮೆಸೇಜ್ ಹೋಯ್ತ್. ಮಕ್ಳ್ ಹೋಯ್ಲಿಲ್ಲ," ಎಂದ ಚೆನ್ನಯ್ಯ. ಸರೋಜಳನ್ನು ನೋಡಿ ಗುಂಡಿ ಒತ್ತಿದ. "ಯಾರ್ ಯಾರ್ ಬಂದ್ರಿ? ಒಬ್ಬೊಬ್ರೇ ಬನ್ನಿ. ಮೊದ್ಲ್ ವಿಶಾಲಂದ್ ಅಬ್ಬಿ."

ಮಕ್ಕಳು ಒಂದೊಂದಾಗಿ ಇಳಿದವು. ಹತ್ತು ಕೈಗಳು ಹತ್ತು ಕೈಗಳನ್ನು ಹಿಡಿದವು. ಮೆಟ್ಟಿಲ ಮೇಲೆ ಒಂದನೇ ತರಗತಿಯ ಚಂದನಾ ಒಬ್ಬಳೇ ಉಳಿದಳು. ಅವಳ ತಾಯಿ ಶ್ರೀಲತಾ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾಳೆ; ಪಾಳಿ ಐದಕ್ಕೆ ಮುಗಿಯುವುದು. ಸರೋಜ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ.

"ಬಾ ಮಗಾ, ನಾ ಕರ್ಕಂಡ್ ಹೋತೆ," ಎಂದು ಸರೋಜ ಇನ್ನೊಂದು ಕೈ ಚಾಚಿದಳು.

ಚೆನ್ನಯ್ಯ ಸೀಟಿನಿಂದ ಎದ್ದು ಹುಡುಗಿಯ ಹೆಗಲು ಹಿಡಿದ. "ಸರೋಜಕ್ಕ, ಬೇಜಾರ್ ಮಾಡ್ಬೇಡಿ. ಇವ್ಳಿಗ್ ಎರಡೇ ಹೆಸ್ರ್. ಅಬ್ಬಿ ಒಂದ್. ಮುತ್ತಜ್ಜ ಒಂದ್."

"ನನ್ ಗುರ್ತಿಲ್ಯಾ ನಿಂಗೆ?"

"ಗುರ್ತಿತ್ತ್. ಇವತ್ ನಿಮ್ಗ್ ಕೊಟ್ರೆ ನಾಳೆ ಇವ್ರ್ ಹೇಳ್ದವ್ರಿಗೆಲ್ಲ ಕೊಡ್ಕ್," ಎಂದು ರತೀಶನ ಕಡೆ ಗಲ್ಲ ತೋರಿಸಿದ. "ಬ್ಯಾಡ ಅಂಬುಕೆ ನಂಗ್ ಬಾಯಿ ಇರತ್ತಾ?"

ಸರೋಜಳಿಗೆ ಒಂದು ಕ್ಷಣ ರೇಗಿತು. ಸೀಟಿನ ಹಿಂದೆ ಡೊಂಕು ಅಕ್ಷರಗಳು ಕಾಣುತ್ತಿದ್ದವು. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಆಯ್ತ್. ಶಾಲಿಗ್ ವಾಪಸ್ ಬ್ಯಾಡ, ಮೆಸೇಜ್ ಕಂಡ್ ಶ್ರೀಲತಾ ಇಲ್ಲಿಗೇ ಬತ್ತ್ಳ್. ಅಲ್ಲಿವರಿಗ್ ಗಾಡಿ ನಿಲ್ಲಲಿ," ಎಂದಳು.

"ಎರಡನೇ ಟ್ರಿಪ್ಪಿಗೆ ಅರವತ್ತು ಮಕ್ಳು ಕಾಯ್ತಿದ್ದಾರೆ," ಎಂದ ರತೀಶ್.

"ಶಾಲಿ ಗೇಟಿನ್ ಒಳ್ಗೆ ಕಾಯ್ತಿದ್ರ್. ಇದ್ ಹೆದ್ದಾರಿ," ಎಂದಳು ಸರೋಜ.

"ಚೆನ್ನಯ್ಯ, ನಾಳೆಯಿಂದ ನೀನು ಗಾಡಿ ಮುಟ್ಟುವುದು ಬೇಡ."

"ನಾಳಿದ್ ನಾಳಿಗೆ," ಎಂದು ಚೆನ್ನಯ್ಯ ಎಂಜಿನ್ ಆರಿಸಿದ. ಕೀ ತೆಗೆದು ಅಂಗಿಯ ಕಿಸೆಗೆ ಹಾಕಿ, ಚಂದನಾಳನ್ನು ಮೊದಲ ಸೀಟಿನಲ್ಲಿ ಕೂರಿಸಿದ. "ಇವತ್ತಿಂದ್ ಕೀ ನನ್ ಹತ್ರ ಇತ್ತ್."

ಆಗ ಕೇರಿಯ ಬದಿಯಿಂದ 'ಗೋವಿಂದಾ, ಗೋವಿಂದ' ಕೇಳಿಸಿತು. ಕಡಲ ದಂಡೆಯ ಮಸಣಕ್ಕೆ ಹೊರಟ ಚಟ್ಟ ಹೆದ್ದಾರಿಯ ಅಂಚಿಗೆ ಬಂದಿತ್ತು. ಒದ್ದೆ ಬಟ್ಟೆಯಲ್ಲಿ ಬೆಂಕಿಯ ಮಡಕೆ ಹಿಡಿದ ಯತೀಶ್ ರಸ್ತೆಗಿಳಿದು ಬಲಗೈ ಎತ್ತಿದ. ಮೀನಿನ ಲಾರಿಯೊಂದು ಕಿರ್ರೆಂದು ನಿಂತಿತು; ಅದರ ಹಿಂದೆ ಮತ್ತೊಂದು. ಕಡಲ ಬದಿಯ ಪಥವನ್ನು ಕೇರಿಯ ಗಂಡಸರು ಸಾಲುಗಟ್ಟಿ ತಡೆದರು.

ಮಕ್ಕಳೊಂದಿಗೆ ಡಿವೈಡರ್ ಹತ್ತಿದ ಸರೋಜಳಿಗೆ ಮಂಜಣ್ಣ ಎದುರಾದ.

"ಅಲ್ಲೇ ನಿಲ್ಲಿ. ಹೆಣದ ಎದ್ರ್ ಯಾರೂ ಅಡ್ಡ ದಾಟೂಕಾಗ. ಮೊದ್ಲ್ ನಾವ್ ದಾಟ್ತೊ."

"ಮಂಜಣ್ಣ, ಅಪ್ಪಯ್ಯ ಎಂದಾರೂ ಮಕ್ಳಿಗಿಂತ ಮುಂಚೆ ಈ ರಸ್ತಿ ದಾಟಿದ್ದ್ ಕಂಡಿದ್ರಿಯಾ?"

ಮಂಜಣ್ಣ ನಲವತ್ತು ವರ್ಷ ಹೆಣಗಳ ಮುಂದೆ ನಡೆದವನು. ಇಂಥ ಪ್ರಶ್ನೆಗೆ ಯಾವ ಹಿರಿಯನೂ ಅವನಿಗೆ ಉತ್ತರ ಕಲಿಸಿರಲಿಲ್ಲ. ಪಕ್ಕಕ್ಕೆ ಸರಿದು ನಿಂತ. ಹತ್ತು ಮಕ್ಕಳು ಚಟ್ಟದ ಎದುರಿಗೇ ದಾಟಿದವು. ವಿಶಾಲ್ ಹೂವಿನೊಳಗಿನ ಮುಖವನ್ನು ಗುರುತಿಸಿ ನಿಂತುಬಿಟ್ಟ. ರಂಜನಿ ಅವನನ್ನು ತನ್ನ ಮಗಳ ಜೊತೆ ಸೇರಿಸಿ ಅಪ್ಪಿಕೊಂಡು ಕರೆದೊಯ್ದಳು.

"ಇನ್ ಹೋಪನಾ?" ಎಂದು ಮಂಜಣ್ಣ ಕೇಳಿದ.

"ಇನ್ನೂ ಒಂದ್ ಮಗು ಗಾಡಿಯಂಗಿತ್ತ್."

"ಅದ್ರ ಅಬ್ಬಿ ಎಷ್ಟೊತ್ತಿಗ್ ಬತ್ತ್ಳ್?"

"ಗೊತ್ತಿಲ್ಲೆ."

ಹೊತ್ತವರಲ್ಲಿ ಒಬ್ಬ ಹೆಗಲು ಬದಲಾಯಿಸಿದ. "ಮುತ್ತಣ್ಣ ಭಾರ ಇದ್ರ್ ಮರ್ರೆ."

"ನಿಲ್ಸಿದ್ದ್ ಅವ್ರೇ. ಅವ್ರಿಗೇ ಹೇಳ್," ಎಂದ ಹಿಂದಿನವನು. ಯಾರೋ ನಕ್ಕರು. ಮಂಜಣ್ಣ ಗದರಲಿಲ್ಲ.

ಹಾರ್ನುಗಳು ಮೊದಲಿಗೆ ಒರಲಿದವು. ಡ್ರೈವರುಗಳು ಇಳಿದು ಬಂದು, ಚಟ್ಟ ಕಂಡು ಕೈಮುಗಿದು, ಯಾಕೆ ಮುಂದೆ ಹೋಗುತ್ತಿಲ್ಲ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಬಸ್ಸಿನ ಕಡೆ ನೋಡುತ್ತ ನಿಂತರು. ಸದ್ದು ಒಂದೊಂದಾಗಿ ಅಡಗಿತು. ರತೀಶನ ಫೋನು ಮಾತ್ರ ರಿಂಗಾಗುತ್ತಿತ್ತು. ಸರೋಜ ಡಿವೈಡರಿನ ಮೇಲೆ ನಿಂತು ಮನಸ್ಸಿನಲ್ಲೇ ಕಡಲಿಗೆ ಕೈಮುಗಿದಳು. ಈಚೆಗೆ ಅಪ್ಪಯ್ಯ, ಆಚೆಗೆ ಕಿಟಕಿಯಲ್ಲಿ ಎರಡು ಜಡೆ. ಸೂರ್ಯ ಇಳಿಯುತ್ತಿದ್ದ. ಕತ್ತಲಾಗುವ ಮೊದಲು ಬೆಂಕಿ ಇಡಬೇಕು ಎಂದು ಅವಳಿಗೂ ಗೊತ್ತಿತ್ತು. ಅವಳು ಕದಲಲಿಲ್ಲ.

ಆಗ ದಕ್ಷಿಣದ ಕಡೆ, ಸಾಲುಗಟ್ಟಿ ನಿಂತ ಲಾರಿಗಳ ಕೊನೆಯಲ್ಲಿ, ಸಿಕ್ಕಿಹಾಕಿಕೊಂಡ ಆಟೋದಿಂದ ಹೆಂಗಸೊಬ್ಬಳು ಹಾರಿ ಇಳಿದಳು. ಮುತ್ತಜ್ಜನ ಸುದ್ದಿ ಕೇಳಿ ಹೊರಟವಳಿಗೆ ಐಸ್ ಪ್ಲಾಂಟಿನ ಬಿಳಿ ಗಂಬೂಟುಗಳನ್ನು ಕಳಚಲೂ ಪುರುಸೊತ್ತಾಗಿರಲಿಲ್ಲ. ಒಂದು ಕೈಯಲ್ಲಿ ಫೋನು, ಪರದೆಯ ಮೇಲೆ ಇನ್ನೂ ಮಗು ಇಳಿದಿದೆ ಎಂಬ ಆ ಮೆಸೇಜು. ಖಾಲಿ ಬಿದ್ದ ಹೆದ್ದಾರಿಯ ನಟ್ಟನಡುವೆ ಗಂಬೂಟುಗಳು ದಪದಪನೆ ಬಡಿದವು. ಹೆಗಲ ಮೇಲಿನ ಚಟ್ಟವೂ ಎಂಜಿನ್ ಆರಿದ ಬಸ್ಸೂ ರಸ್ತೆಯ ಎರಡು ದಡದಲ್ಲಿ ಅವಳಿಗಾಗಿ ಕಾದು ನಿಂತಿದ್ದವು. ಶ್ರೀಲತಾ ಬಲಗೈಯನ್ನು ಮುಂದಕ್ಕೆ ಚಾಚಿಕೊಂಡೇ ಓಡಿ ಬರುತ್ತಿದ್ದಳು.