ಗಡ್ಡೆಯ ಪಾಲು

ತಂಗಿ ಟೇಪು ಸುತ್ತಿ ಅಕ್ಕನ ತೋಳು ಅಳೆದಳು. ನಂಬಿಕೆಯಾಗದೆ ಮತ್ತೊಮ್ಮೆ ಅಳೆದಳು. ಇಪ್ಪತ್ತು ವರ್ಷದಿಂದ ಊರವರ ಬಟ್ಟೆ ಹೊಲಿದ ಕೈ, ತಪ್ಪುವ ಮಾತೇ ಇಲ್ಲ. ಎರಡು ತಿಂಗಳಲ್ಲಿ ತೋಳಿನ ಸುತ್ತಳತೆ ಎರಡಿಂಚು ಇಳಿದಿತ್ತು. ಸೋಮವಾರ ಎದೆಯ ಗಡ್ಡೆಯ ಆಪರೇಷನ್, ಮುಂದೆ ಗುಂಡಿಯಿರುವ ಸಡಿಲ ಅಂಗಿ ಹೊಲಿದುಕೊಡೋಣವೆಂದು ಬಂದವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನು ತಿಂತಿದೀಯೇ ನೀನು?"

ಉತ್ತರ ಕೊಟ್ಟಿದ್ದು ಭಾವ. ಬಸ್ಸಿನಲ್ಲಿ ಟಿಕೆಟ್ ಹರಿಯುವ ಮನುಷ್ಯ, ಮೊಬೈಲ್ ನೋಡಿ ನೋಡಿ ದೊಡ್ಡ ಡಾಕ್ಟರಾಗಿಬಿಟ್ಟಿದ್ದರು!

"ಗಡ್ಡೆ ರಕ್ತ ಕುಡಿದು ಬೆಳೆಯುತ್ತೆ ಕಣಮ್ಮ. ಇವಳು ಉಂಡಿದ್ದೆಲ್ಲ ಅದಕ್ಕೇ ಹೋಗುತ್ತೆ. ಅದಕ್ಕೇ ಬರೀ ಸೊಪ್ಪಿನ ರಸ ಕೊಡ್ತಿದೀನಿ. ಉಪವಾಸ ಕೆಡವಿದ್ರೆ ತಾನಾಗೇ ಸಾಯುತ್ತೆ."

ತಂಗಿ ಆ ಕ್ಷಣವೇ ಇಬ್ಬರನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಭಾವನ ಬಾಯಿಂದಲೇ ಸೊಪ್ಪಿನ ರಸದ ಕತೆ ಕೇಳಿದರು, ತೂಕ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಸೋಮವಾರದ ಆಪರೇಷನ್ ಆಗುವುದಿಲ್ಲವೆಂದರು.

"ಗಡ್ಡೆ ಸಾಸಿವೆಕಾಳಿನಷ್ಟಿದ್ದಾಗ ಅಕ್ಕಪಕ್ಕ ಸಿಕ್ಕಿದ್ದರಲ್ಲೇ ಬದುಕುತ್ತೆ. ಅದು ಸಾಲದಾದಾಗ ಹತ್ತಿರದ ರಕ್ತನಾಳಗಳಿಗೆ ಹೇಳಿಕಳಿಸುತ್ತೆ. ಅವು ಹೊಸದಾಗಿ ಚಿಗುರಿ ಅದರೊಳಕ್ಕೇ ಹೋಗ್ತವೆ. ಇವರು ಉಂಡ್ರೂ ಬಿಟ್ರೂ ಅದರ ಪಾಲು ಅದು ಎಳ್ಕೊಳ್ಳುತ್ತೆ. ನೀವು ಉಪವಾಸ ಕೆಡವಿದ್ದು ಇವರನ್ನ. ಮೂರು ವಾರ ಚೆನ್ನಾಗಿ ಊಟ ಮಾಡಿಸಿ, ಆಮೇಲೆ ನೋಡೋಣ."

"ಆ ಮೂರು ವಾರ ಅದು ಬೆಳೆಯಲ್ವಾ?" ಎಂದಳು ತಂಗಿ.

"ಬೆಳೆಯಬಹುದು," ಎಂದರು ಡಾಕ್ಟರಮ್ಮ.

ಹೊರಗಿನ ಬೆಂಚಿನ ಹತ್ತಿರ ಬರುವಷ್ಟರಲ್ಲಿ ತಂಗಿಯ ತಾಳ್ಮೆಯ ಕಟ್ಟೆ ಒಡೆಯಿತು. "ಕನ್ನ ಹಾಕಿದ ಕಳ್ಳ ಒಳಗೆ ಕೂತು ಉಣ್ತಿದ್ದಾನೆ, ನೀವು ಮನೆಯವಳ ತಟ್ಟೆ ಕಿತ್ಕೊಂಡ್ರಲ್ಲ ಭಾವ! ನಿಮ್ಮ ತಲೇಲಿ ಏನಿದೆ?"

"ನಾನೂ ಉಂಡಿಲ್ಲ ಕಣಮ್ಮ. ಅವಳ ಜೊತೆ ನಾನೂ ರಸವೇ ಕುಡಿದೆ." ಅವರ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಅದನ್ನು ಕೇಳಿ ಅವಳ ಸಿಟ್ಟು ಇಳಿಯಲಿಲ್ಲ, ನೆತ್ತಿಗೇರಿತು. ಇಂಥ ಪ್ರೀತಿಗೆ ಬೆಂಕಿ ಹಾಕ! ಬೈಯುವುದಕ್ಕೂ ಬಿಡದ ಪ್ರೀತಿ. ಅವಳು ಅಕ್ಕನ ಕಡೆ ತಿರುಗಿದಳು.

"ನಿನಗೆ ಬಾಯಿರಲಿಲ್ವಾ? ಹಸಿವು ಅಂತ ಹೇಳೋಕೇನಾಗಿತ್ತು?"

"ಮೊದಲ ವಾರ ಅತ್ತು ಕೇಳಿದೆ," ಎಂದಳು ಅಕ್ಕ. "ಗಡ್ಡೆ ಕೇಳ್ತಿದೆ, ನೀನಲ್ಲ ಅಂದ್ರು. ಆಮೇಲೆ ಹಸಿವಾದಾಗೆಲ್ಲ, ಹಸಿದಿರೋದು ನಾನೋ ಅದೋ ಅಂತ ನನಗೇ ಗೊತ್ತಾಗ್ತಿರಲಿಲ್ಲ ಕಣೇ."

"ನೀನೇ ಕಣೇ!" ತಂಗಿ ಕಿರುಚಿದಳು. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. "ಹಸಿದಿದ್ದು ನೀನೇ!"