ಹಿಂದೆ ಹಿಂದೆ ನಡೆದ ದೆವ್ವ

ಕಾಸರಕೋಡಿನ ಹೊನ್ನಜ್ಜನ ಮನೆಯಲ್ಲಿ ಆ ಭಾನುವಾರ ಮಧ್ಯಾಹ್ನ ಕಾಲಿಡಲು ಜಾಗವಿರಲಿಲ್ಲ. ಹಳೆಯ ದೆವ್ವದ ಸಿನಿಮಾದ ಮುಂದಿನ ಭಾಗ ಟೀವಿಯಲ್ಲಿ ಬರುವುದಿತ್ತು. ಕೇರಿಯವರನ್ನೆಲ್ಲ ಕರೆದದ್ದು ಹೊನ್ನಜ್ಜನೇ.

ನಲವತ್ತು ವರ್ಷದ ಹಿಂದೆ ಆ ಸಿನಿಮಾದ ಶೂಟಿಂಗ್ ಇದೇ ದಂಡೆಯ ಮೇಲೆ ನಡೆದಿತ್ತು. ದೆವ್ವ ಕಡಲಿನ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡೆದು ಊರೊಳಗೆ ಬರಬೇಕು. ನಟಿ ಎರಡು ಸಲ ಬಿದ್ದಳು. ಕಡಲಿನಿಂದ ದಡಕ್ಕೆ ರಂಪಣಿ ಬಲೆಯ ಹಗ್ಗ ಎಳೆಯುತ್ತ ದಿನಾ ಹಾಗೇ ನಡೆಯುವ ಹೊನ್ನನಿಗೆ ಅದೂ ಒಂದು ಕೆಲಸವೇ? ಬಿಳಿ ಸೀರೆ ಸುತ್ತಿಕೊಂಡು ಸಲೀಸಾಗಿ ನಡೆದ. ತೆರೆಯ ಮೇಲೆ ಕಂಡದ್ದು ಸೀರೆಯ ಅಂಚು, ಎರಡು ಪಾದ. ಅಷ್ಟಕ್ಕೇ ಊರೂರು ಹೆದರಿತ್ತು. ಹೆಸರು ಮಾತ್ರ ಎಲ್ಲೂ ಬರಲಿಲ್ಲ.

"ಯಾರ ಕಾಲೋ ಎಂತೋ" ಎಂದು ಮೊಮ್ಮಗಳು ದೀಪಿಕಾ ನಕ್ಕಾಗಲೆಲ್ಲ ಹೊನ್ನಜ್ಜನ ಹೆಂಡತಿ ಸೀತಜ್ಜಿಗೆ ಸಂಕಟ. ಹೋದ ವರ್ಷ ಟೀವಿಯವರು ಬಂದು, ಮುಂದಿನ ಭಾಗದಲ್ಲೂ ಆ ನಡಿಗೆಯನ್ನೇ ತೋರಿಸುತ್ತೇವೆ, ಈ ಸಲ ಹೆಸರನ್ನೂ ಹಾಕುತ್ತೇವೆ ಎಂದು ಅವನ ಹೆಸರು ಬರೆದುಕೊಂಡು ಹೋಗಿದ್ದರು.

ದೆವ್ವ ಬಂತು. ಬಂತು ಅಂದರೆ, ಹಾರಿ ಬಂತು, ಮೈಯೆಲ್ಲ ನೀಲಿ ಬೆಳಕು. ಇದಕ್ಕೆ ಬೆಕ್ಕಿನ ಮರಿಯೂ ಹೆದರದು.

"ಅಜ್ಜ, ಈ ದೆವ್ವಕ್ಕೆ ಕಾಲೇ ಇಲ್ಲ!" ಅಂದಳು ದೀಪಿಕಾ. ಎಲ್ಲರೂ ನಕ್ಕರು. ಕೊನೆಗೆ ಹೆಸರುಗಳು ಓಡಿದವು. ಹೊನ್ನಜ್ಜ ಕಣ್ಣು ಕಿರಿದು ಮಾಡಿ ನೋಡಿದ. ಅವನದಿರಲಿಲ್ಲ. ಮಂದಿ ಎದ್ದು ಹೋದರು, ಅವನು ಏಳಲಿಲ್ಲ. ಆ ಮುಖ ಸೀತಜ್ಜಿಗೆ ನೋಡಲಾಗಲಿಲ್ಲ.

"ಏಳಿ, ದಂಡೆಗೆ ಹೋಗ್ವ."

"ಎಂತಕ್ಕೆ?"

"ನಡೆಯೂಕೆ. ದೀಪಿಕಾ, ನೀನೂ ಬಾ."

ಹಸಿ ಮರಳಿನ ಮೇಲೆ ಹೊನ್ನಜ್ಜ ಕಡಲಿಗೆ ಮುಖ ಮಾಡಿ ನಿಂತ. ಬೀಳದಿರಲಿ ಎಂದು ಸೀತಜ್ಜಿ ಕೈ ಚಾಚಿದಳು. ಅವನು ಹಿಡಿಯಲಿಲ್ಲ.

"ನೀ ಸುಮ್ನೆ ನೀರಿನ ಬದಿಗೆ ನಿಂತ್ಕಾ, ಸಾಕು."

ಅವಳು ನಿಂತಳು. ಅವನು ಹಿಂದೆ ಹಿಂದೆ ನಡೆದ, ಒಮ್ಮೆಯೂ ತಿರುಗದೆ, ನೇರವಾಗಿ. ಮರಳಿನ ಮೇಲಿನ ಹೆಜ್ಜೆ ಗುರುತುಗಳೆಲ್ಲ ಕಡಲಿಗೆ ಇಳಿದು ಹೋದಂತಿದ್ದವು, ನಡೆದವನು ಮಾತ್ರ ದಡದಲ್ಲಿದ್ದ. ದೀಪಿಕಾಳ ಮೈ ಜುಮ್ಮೆಂದಿತು. ಹಳೆಯ ಸಿನಿಮಾ ನೋಡುವಾಗ ಅವಳು ಕಣ್ಣು ಮುಚ್ಚಿಕೊಂಡದ್ದು ಇದೇ ಹೆಜ್ಜೆಗಳಿಗೆ.

"ಅಜ್ಜ, ಅದು ನೀನೇ! ಬೀಳದೇ ಹೆಂಗೆ ನಡೆದೆ?"

"ಹಿಂದೆ ನೋಡಿದ್ರೆ ಬೀಳೂದು. ನಾ ಎದ್ರಿಗೆ ನೋಡ್ತಿದ್ದೆ. ಶೂಟಿಂಗ್ ನೋಡೂಕೆ ಬಂದ ನಿನ್ನಜ್ಜಿ ಅಲ್ಲೇ ನಿಂತಿದ್ಲು. ಇನ್ನೂ ಮದ್ವೆ ಆಗಿರ್ಲಿಲ್ಲ."

ನಲವತ್ತು ವರ್ಷದಲ್ಲಿ ಒಮ್ಮೆಯೂ ಅವನು ಇದನ್ನು ಹೇಳಿರಲಿಲ್ಲ.

"ಆತು, ಆತು. ನನ್ನ ಸೀರೆ ಎಲ್ಲ ಒದ್ದೆ ಆತು" ಎಂದು ಸೀತಜ್ಜಿ ಗದರುತ್ತ ಮೇಲೆ ಬಂದು ಮತ್ತೆ ಕೈ ಚಾಚಿದಳು. ಈ ಸಲ ಅವನು ಹಿಡಿದುಕೊಂಡ.